ಕಸುವು ಬೇರೆ, ಗಾಯ ಬೇರೆ: ಡಿ ಅಂಡ್ ಡಿ ಹೊಸ ಪ್ಲೇಯರ್ಸ್ ಹ್ಯಾಂಡ್‌ಬುಕ್, ಮಂಡ್ಯದ ಒಂದು ಚಾಪೆಯ ಮೇಲಿಂದ

ನಾನು ಮಂಡ್ಯದಲ್ಲಿ ಫಿಸಿಯೋಥೆರಪಿಸ್ಟ್. ವಾರದಲ್ಲಿ ಆರು ದಿನ ನನ್ನ ಕೈಗೆ ಬರುವುದು ಮೊಣಕಾಲು, ಸೊಂಟ, ಭುಜ. ಕಬ್ಬಿನ ಹೊರೆ ಎತ್ತಿ ಸೊಂಟ ಹಿಡಿಸಿಕೊಂಡವರು, ಬೈಕಿನಿಂದ ಬಿದ್ದು ಭುಜದ ಕೀಲು ತಪ್ಪಿಸಿಕೊಂಡವರು, ಮಂಡಿ ಆಪರೇಷನ್ ಆದಮೇಲೆ ಮೆಟ್ಟಿಲು ಹತ್ತುವುದನ್ನು ಮೊದಲಿಂದ ಕಲಿಯುವ ಅಜ್ಜಿಯರು. ಭಾನುವಾರ ಮಧ್ಯಾಹ್ನ ಊಟ ಮುಗಿದಮೇಲೆ ಹಜಾರದಲ್ಲಿ ಚಾಪೆ ಹಾಸಿ ನಾಲ್ಕು ಜನಕ್ಕೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿಸುತ್ತೇನೆ. ಕನ್ನಡದಲ್ಲೇ ಆಡುತ್ತೇವೆ. ಬೆಂಗಳೂರಿನಿಂದ ಬೆಳಗಿನ ರೈಲಿಗೆ ಬರುವ ತಮ್ಮ ಮಂತ್ರವಾದಿ. ಪಿಯುಸಿ ಓದುವ ಅಕ್ಕನ ಮಗಳು ಕಳ್ಳಿ. ಪಾಂಡವಪುರದ ಕಡೆ ಆಲೆಮನೆ ನಡೆಸುವ ಗೆಳೆಯ ಕತ್ತಿ ಹಿಡಿದ ಕಾಲಾಳು, ಅವನ ಪಾತ್ರದ ಹೆಸರು ಕೆಂಚ. ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ ಮೇಷ್ಟ್ರು ದೇವರ ಹೆಸರಲ್ಲಿ ಗಾಯ ಮಾಯಿಸುವ ಪೂಜಾರಿ.

ಈ ಆಟದ 2024ರ ಪ್ಲೇಯರ್ಸ್ ಹ್ಯಾಂಡ್‌ಬುಕ್, ಅಂದರೆ ಆಡುವವರ ನಿಯಮದ ಪುಸ್ತಕ, 384 ಪುಟದ್ದು. ಅಷ್ಟನ್ನೂ ವಿಮರ್ಶೆ ಮಾಡುವುದು ನನಗೆ ಬೇಕಿಲ್ಲ. ಒಂದು ಪಾತ್ರ ಏಟು ತಿನ್ನುವುದು, ಬೀಳುವುದು, ಸಾಯುವುದು ಇಲ್ಲವೇ ಎದ್ದು ಬರುವುದು, ಇಷ್ಟರ ಬಗ್ಗೆ ಆ ಪುಸ್ತಕ ಏನು ಹೇಳುತ್ತದೆ, ಅದರಲ್ಲಿ ನಾವು ಏನನ್ನು ಉಳಿಸಿಕೊಂಡೆವು, ಏನನ್ನು ಬದಲಾಯಿಸಿದೆವು ಅನ್ನುವುದನ್ನು ಬರೆಯುತ್ತೇನೆ. ನನ್ನ ಕೆಲಸಕ್ಕೂ ನನ್ನ ಆಟಕ್ಕೂ ಗಂಟು ಬಿದ್ದಿರುವುದು ಇದೊಂದು ಜಾಗದಲ್ಲಿ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬರು ಕತೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಅದರೊಳಗೆ ನಡೆಯುತ್ತಾರೆ. ಆಗುತ್ತದೋ ಇಲ್ಲವೋ ಅನ್ನುವಂಥ ಕೆಲಸವನ್ನೆಲ್ಲ ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಪ್ರತಿ ಪಾತ್ರಕ್ಕೂ ಹಿಟ್ ಪಾಯಿಂಟ್ ಅಂತ ಒಂದು ಸಂಖ್ಯೆ ಇರುತ್ತದೆ. ಏಟು ಬಿದ್ದಷ್ಟೂ ಅದು ಇಳಿಯುತ್ತದೆ. ಸೊನ್ನೆಗೆ ಬಂದರೆ ಪಾತ್ರ ಪ್ರಜ್ಞೆ ತಪ್ಪಿ ಬೀಳುತ್ತದೆ. ಆಮೇಲೆ ತನ್ನ ಸರದಿ ಬಂದಾಗಲೆಲ್ಲ ದಾಳ ಹಾಕಬೇಕು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಒಂದು ಗೆಲುವು, ಕಡಿಮೆ ಬಂದರೆ ಒಂದು ಸೋಲು. ಮೂರು ಗೆಲುವಾದರೆ ಜೀವ ನಿಲ್ಲುತ್ತದೆ, ಮೂರು ಸೋಲಾದರೆ ಸಾವು. ಒಂದು ಬಿದ್ದರೆ ಎರಡು ಸೋಲಿನ ಲೆಕ್ಕ. ಇಪ್ಪತ್ತು ಬಿದ್ದರೆ ಒಂದು ಪಾಯಿಂಟಿನೊಂದಿಗೆ ಕಣ್ಣು ಬಿಡಬಹುದು.

ನಾವು ಮೊದಲು ಆಡಿದ್ದು 2014ರ ಪುಸ್ತಕದಲ್ಲಿ. ಆಗಿನ ಒಂದು ಭಾನುವಾರ ನನಗೆ ಚೆನ್ನಾಗಿ ನೆನಪಿದೆ. ಎಲ್ಲರೂ ಮೂರನೇ ಲೆವೆಲ್, ಅಂದರೆ ಇನ್ನೂ ಆರಂಭದ ಮೆಟ್ಟಿಲು. ಎದುರಿಗೆ ಓಗರ್ ಅನ್ನುವ ದಾಂಡಿಗ ರಕ್ಕಸ. ಕೆಂಚನಿಗೆ ಇದ್ದದ್ದು 28 ಪಾಯಿಂಟ್, ರಕ್ಕಸನ ದೊಣ್ಣೆಯ ಒಂದು ಏಟಿಗೆ ಸರಾಸರಿ 13. ಕೆಂಚ ಬಿದ್ದ. ಮೇಷ್ಟ್ರು ಅರವತ್ತು ಅಡಿ ದೂರದಿಂದಲೇ ‘ಹೀಲಿಂಗ್ ವರ್ಡ್’ ಮಂತ್ರ ಹೇಳಿದರು, ನಾಲ್ಕು ಮುಖದ ಒಂದು ದಾಳ ಉರುಳಿತು, ಪೂಜಾರಿಯ ಸಾಮರ್ಥ್ಯದ ಅಂಕವೂ ಸೇರಿ ಐದು ಪಾಯಿಂಟ್ ಬಂತು, ಕೆಂಚ ಎದ್ದು ಕತ್ತಿ ಬೀಸಿದ. ಮತ್ತೆ ಬಿದ್ದ. ಮತ್ತೆ ಮಂತ್ರ, ಮತ್ತೆ ಎದ್ದ. ಮೂರನೇ ಸಲವೂ ಅದೇ. ರಕ್ಕಸ ಸತ್ತ. ರಾತ್ರಿ ಮಲಗಿದರು, ಬೆಳಗಾಗುವಾಗ ಎಲ್ಲರ ಪಾಯಿಂಟೂ ಪೂರ್ತಿ ತುಂಬಿತ್ತು. ಮೇಷ್ಟ್ರು ಸುಮ್ಮನೆ ಹಾಳೆ ನೋಡುತ್ತಾ ಕೂತಿದ್ದವರು, “ಇವನೇನು ರಕ್ತಬೀಜನ ವಂಶದವನಾ, ಬಿದ್ದಷ್ಟೂ ಏಳ್ತಾನಲ್ಲ” ಅಂದರು. ಆಲೆಮನೆ ಗೆಳೆಯ ಹೇಳಿದ್ದು ಇನ್ನೂ ನೇರವಾಗಿತ್ತು: “ಬಿದ್ದಾಗ ನಂಗೆ ಭಯಾನೇ ಆಗ್ಲಿಲ್ಲ ಕಣಕ್ಕ. ಎದ್ದಾಗ ಖುಷೀನೂ ಆಗ್ಲಿಲ್ಲ.”

ಆ ಮಾತು ನನ್ನನ್ನು ಬಿಡಲಿಲ್ಲ. ಸೋಮವಾರ ಬೆಳಿಗ್ಗೆ ನನ್ನ ಟೇಬಲ್ ಮೇಲೆ ಮಲಗುವವರು ಎರಡು ಹೆಜ್ಜೆ ಇಟ್ಟರೆ ಅವರ ಮನೆಯವರ ಕಣ್ಣಲ್ಲಿ ನೀರು ಬರುತ್ತದೆ. ಬಿದ್ದವನು ಏಳುವುದಕ್ಕಿಂತ ದೊಡ್ಡ ಕತೆ ಯಾವುದಿದೆ? ನಾವು ಆಡುವ ಆಟದಲ್ಲಿ ಅದಕ್ಕೆ ಕಿಮ್ಮತ್ತೇ ಇಲ್ಲ ಅಂದರೆ ನಿಯಮ ಎಲ್ಲೋ ತಪ್ಪಿದೆ, ಇಲ್ಲವೇ ನಾವು ಅದನ್ನು ತಪ್ಪಾಗಿ ಅರ್ಥ ಮಾಡಿಕೊಂಡಿದ್ದೇವೆ ಅನ್ನಿಸಿತು. ಎರಡೂ ಸ್ವಲ್ಪ ಸ್ವಲ್ಪ ನಿಜವಾಗಿತ್ತು.

ತಪ್ಪು ಅರ್ಥ ಶುರುವಾದದ್ದು ಹೆಸರಿನಿಂದ. ಹಿಟ್ ಪಾಯಿಂಟನ್ನು ನಾವು ಕನ್ನಡದಲ್ಲಿ ‘ಜೀವ’ ಅಂತ ಕರೆಯುತ್ತಿದ್ದೆವು. “ಎಷ್ಟು ಜೀವ ಉಳೀತು?” “ಹದಿನೈದು.” ಹೀಗೆ ಹೇಳಿದ ಕೂಡಲೇ ಪ್ರತಿ ಏಟೂ ಮೈ ಸೀಳಿದ ಹಾಗೆ ಕೇಳಿಸುತ್ತದೆ. ಅಕ್ಕನ ಮಗಳು ಒಮ್ಮೆ ಕೇಳಿಯೇಬಿಟ್ಟಳು: “ಚಿಕ್ಕಮ್ಮ, ಅರ್ಧ ಜೀವ ಹೋಯ್ತು ಅಂದ್ರೆ ಕೆಂಚನ ಹೊಟ್ಟೆ ಹರಿದಿದ್ಯಾ? ಹಂಗಾದ್ರೆ ಅವನು ಹೆಂಗೆ ಓಡ್ತಿದಾನೆ?” ನನ್ನಲ್ಲಿ ಉತ್ತರ ಇರಲಿಲ್ಲ.

ಉತ್ತರ ಸಿಕ್ಕಿದ್ದು ಕ್ಲಿನಿಕ್ಕಿನಲ್ಲಿ. ನಮ್ಮ ಕಡೆ ಹಳ್ಳಿಯಿಂದ ಬರುವವರು ದಿನಕ್ಕೆ ಹತ್ತು ಸಲ ಹೇಳುವ ಮಾತೊಂದಿದೆ: “ಮೈಯಲ್ಲಿ ಕಸುವೇ ಇಲ್ಲ ಕನವ್ವ.” ಗಾಯ ಇಲ್ಲ, ಮೂಳೆ ಮುರಿದಿಲ್ಲ, ಎಕ್ಸ್‌ರೇ ಸರಿಯಾಗಿದೆ. ಕಸುವು ಮಾತ್ರ ಇಲ್ಲ. ಕಸುವು ಅಂದರೆ ಬರೀ ಬಲ ಅಲ್ಲ. ಉಸಿರು, ಉತ್ಸಾಹ, ಇನ್ನೊಂದು ಹೆಜ್ಜೆ ಇಡಬಲ್ಲೆ ಅನ್ನುವ ಧೈರ್ಯ, ಇವೆಲ್ಲ ಸೇರಿದ್ದು. ಅದು ಇಳಿಯುತ್ತದೆ, ಉಂಡು ಮಲಗಿದರೆ ಏರುತ್ತದೆ. ಹಿಟ್ ಪಾಯಿಂಟ್ ಅಂದರೆ ಇದೇ!

ಇದು ನನ್ನ ಕಲ್ಪನೆಯಲ್ಲ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಈ ಆಟವನ್ನು ಪ್ರಕಟಿಸುವ ಮೊದಲೇ ಆರ್ನೆಸನ್ ತನ್ನ ಮೇಜಿನಲ್ಲಿ ಹಿಟ್ ಪಾಯಿಂಟ್ ಬಳಸುತ್ತಿದ್ದ. ಒಂದೇ ಏಟಿಗೆ ಪಾತ್ರ ಸತ್ತರೆ ಆಡುವವರಿಗೆ ಬೇಜಾರು, ಅದಕ್ಕೆ ಹಡಗು ಯುದ್ಧದ ಆಟಗಳಿಂದ ಆ ಲೆಕ್ಕವನ್ನು ಎರವಲು ತಂದ. ಹಡಗು ಒಂದು ಗುಂಡಿಗೆ ಮುಳುಗುವುದಿಲ್ಲವಲ್ಲ. ಆಮೇಲೆ ಕತೆ ನಡೆಸುವವರಿಗಾಗಿ ಬಂದ 1979ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ಗೈಗ್ಯಾಕ್ಸ್ ಇದನ್ನು ಬಿಡಿಸಿ ಹೇಳಿದ: ನುರಿತ ಯೋಧನ ದೊಡ್ಡ ಸಂಖ್ಯೆಯಲ್ಲಿ ಮೈಯ ಪಾಲು ಸಣ್ಣದು, ಉಳಿದದ್ದು ಚಾಕಚಕ್ಯತೆ, ಅದೃಷ್ಟ, ದೈವಕೃಪೆ. ಅದೇ ಪುಸ್ತಕದಲ್ಲಿ ಇನ್ನೊಂದು ನಿಯಮವಿದೆ, ಓದಿದಾಗ ನನಗೆ ಹಳೇ ವೈದ್ಯರೊಬ್ಬರ ಮಾತು ಕೇಳಿದಂತಾಯಿತು. ಸೊನ್ನೆಗೆ ಬಿದ್ದು ಬದುಕಿದವನು ಕನಿಷ್ಠ ಒಂದು ವಾರ ಪೂರ್ತಿ ವಿಶ್ರಾಂತಿ ತೆಗೆದುಕೊಳ್ಳಲೇಬೇಕು. ಆಗ ಬರೀ ವಿಶ್ರಾಂತಿಯಿಂದ ದಿನಕ್ಕೆ ಏರುತ್ತಿದ್ದದ್ದು ಒಂದೇ ಪಾಯಿಂಟ್.

ಹೀಗಾಗಿ ನಮ್ಮ ಮನೆಯ ಮೊದಲ ನಿಯಮ ಬರೀ ಹೆಸರಿನದು. ಹಿಟ್ ಪಾಯಿಂಟ್ ಇನ್ನು ‘ಕಸುವು’. ಹತ್ತು ಕಸುವು ಇಳಿಯಿತು ಅಂದರೆ ಗುರಾಣಿ ಮೇಲೆ ಬಿದ್ದ ಏಟಿಗೆ ತೋಳು ಜುಮ್ಮೆಂದಿತು, ಕಾಲು ಜಾರಿತು, ಉಸಿರು ಕಟ್ಟಿತು. ರಕ್ತ ಬರಬೇಕಾದರೆ ಸೊನ್ನೆ ಮುಟ್ಟಬೇಕು. ಆಗ ಆಗುವುದು ‘ಗಾಯ’. ಕಸುವು ಬೇರೆ, ಗಾಯ ಬೇರೆ. ಇಷ್ಟು ಬದಲಾಯಿಸಿದ ದಿನವೇ ನಾನು ಜಗಳಗಳನ್ನು ಹೇಳುವ ರೀತಿ ಬದಲಾಯಿತು.

ಲೆಕ್ಕ ಇಡುವುದಕ್ಕೆ ಅಜ್ಜಿಯ ಅಳಿಗುಳಿಮಣೆ ತೆಗೆದೆ. ಎರಡು ಸಾಲು, ಸಾಲಿಗೆ ಏಳು ಗುಳಿ. ಕೆಂಚನ 28 ಕಸುವಿಗೆ 28 ಹುಣಸೆ ಬೀಜ, ಏಳು ಗುಳಿಗೆ ನಾಲ್ಕು ನಾಲ್ಕರಂತೆ ಸರಿಯಾಗಿ ಕೂತವು. ಏಟು ಬಿದ್ದಾಗ ಆಡುವವರೇ ಕೈಯಾರೆ ಬೀಜ ಎತ್ತಿ ಬಟ್ಟಲಿಗೆ ಹಾಕಬೇಕು. ಹಾಳೆಯಲ್ಲಿ 28 ಹೊಡೆದು 15 ಅಂತ ಬರೆಯುವುದಕ್ಕೂ ಹದಿಮೂರು ಬೀಜ ಎಣಿಸಿ ತೆಗೆಯುವುದಕ್ಕೂ ಅಜಗಜಾಂತರ. ಸ್ಟೀಲ್ ಬಟ್ಟಲಿಗೆ ಬೀಜ ಬೀಳುವ ಸದ್ದಿಗೆ ಮಾತಾಡುತ್ತಿದ್ದವರು ಸುಮ್ಮನಾಗುತ್ತಾರೆ. ಗಾಯಕ್ಕೆ ಗುಲಗಂಜಿ. ಕೆಂಪು ಮೈ, ಕಪ್ಪು ಚುಕ್ಕೆ, ಹುಣಸೆ ಬೀಜದ ನಡುವೆ ಒಂದು ಇದ್ದರೂ ದೂರಕ್ಕೆ ಕಾಣುತ್ತದೆ. (ಗುಲಗಂಜಿ ವಿಷ. ಸಣ್ಣ ಮಕ್ಕಳಿರುವ ಮನೆಯಲ್ಲಿ ದಯವಿಟ್ಟು ಕೆಂಪು ಮಣಿ ಬಳಸಿ.)

ಈಗ ಹೊಸ ಪುಸ್ತಕಕ್ಕೆ ಬರುತ್ತೇನೆ. ಮೆಚ್ಚಿದ್ದನ್ನು ಮೊದಲು ಹೇಳಬೇಕು, ಏಕೆಂದರೆ ಮನಸಾರೆ ಮೆಚ್ಚಿದ್ದೇನೆ. ಗುಣ ಮಾಡುವ ಮಂತ್ರಗಳಿಗೆ ಕೊನೆಗೂ ತೂಕ ಬಂದಿದೆ. ‘ಕ್ಯೂರ್ ವೂಂಡ್ಸ್’ ಮೊದಲು ಎಂಟು ಮುಖದ ಒಂದು ದಾಳ, ಈಗ ಎರಡು. ‘ಹೀಲಿಂಗ್ ವರ್ಡ್’ ನಾಲ್ಕು ಮುಖದ ಒಂದರಿಂದ ಎರಡಾಗಿದೆ. ಮೊದಲು ಜೊತೆಗಾರ ಬೀಳುವವರೆಗೆ ಕಾಯುವುದೇ ಜಾಣತನವಾಗಿತ್ತು. ನಿಂತಿರುವವನಿಗೆ ಐದು ಕಸುವು ಕೊಟ್ಟರೆ ಅದು ಮುಂದಿನ ಏಟಿಗೆ ಕರಗುತ್ತದೆ, ಬಿದ್ದವನಿಗೆ ಕೊಟ್ಟರೆ ಒಂದು ಇಡೀ ಸರದಿ ಸಿಗುತ್ತದೆ. ಈಗ ಬೀಳುವ ಮೊದಲೇ ಕೈ ಹಿಡಿಯುವುದಕ್ಕೂ ಅರ್ಥವಿದೆ. ಮೇಷ್ಟ್ರ ಆಟ ಇದರಿಂದ ಬಹಳ ಬದಲಾಯಿತು.

ಔಷಧದ ಸೀಸೆ ಕುಡಿಯುವುದು ಹಳೆಯ ಪುಸ್ತಕದಲ್ಲಿ ಆ ಸರದಿಯ ಮುಖ್ಯ ಕೆಲಸವನ್ನೇ ತಿಂದುಹಾಕುತ್ತಿತ್ತು, ಹಾಗಾಗಿ ಯಾರೂ ಕುಡಿಯುತ್ತಿರಲಿಲ್ಲ. ಅದನ್ನು ಬೋನಸ್ ಆಕ್ಷನ್, ಅಂದರೆ ಮುಖ್ಯ ಕೆಲಸದ ಜೊತೆಗೇ ಮುಗಿಸಬಹುದಾದ ಚಿಕ್ಕ ಕೆಲಸ, ಮಾಡುವುದು ಲೋಕದ ಎಷ್ಟೋ ಮೇಜುಗಳ ಮನೆ ನಿಯಮವಾಗಿತ್ತು, ನಮ್ಮದೂ ಕೂಡ. ಈಗ ಪುಸ್ತಕವೇ ಹಾಗೆ ಹೇಳುತ್ತದೆ, ಪಕ್ಕದಲ್ಲಿರುವವನ ಬಾಯಿಗೆ ಹಾಕುವುದನ್ನೂ ಸೇರಿಸಿ. ನಾವು ಅದಕ್ಕೆ ಒಂದು ಎಳೆ ಸೇರಿಸಿಕೊಂಡಿದ್ದೇವೆ. ಅವಸರದಲ್ಲಿ ಗುಟುಕರಿಸಿದರೆ ದಾಳ ಹಾಕಬೇಕು, ನಾಲ್ಕು ಮುಖದ ಎರಡು ದಾಳ ಮತ್ತು ಮೇಲೆ ಎರಡು. ಇಡೀ ಆಕ್ಷನ್, ಅಂದರೆ ಮುಖ್ಯ ಕೆಲಸವನ್ನೇ, ಕೊಟ್ಟು ನಿಧಾನಕ್ಕೆ ಕುಡಿದರೆ ದಾಳವಿಲ್ಲದೆ ಪೂರ್ತಿ ಹತ್ತು. ಕಸುವು ಅರ್ಧಕ್ಕೆ ಇಳಿದವನನ್ನು ‘ಬ್ಲಡೀಡ್’ ಎಂದು ಗುರುತಿಸುವ ಪದ್ಧತಿ ಮತ್ತೆ ಬಂದಿದೆ. ನಮ್ಮಲ್ಲಿ ಅದು ‘ಅರೆಕಸುವು’. ಅಳಿಗುಳಿಮಣೆಯಲ್ಲಿ ಅದನ್ನು ಎಣಿಸಬೇಕಾಗಿಯೂ ಇಲ್ಲ, ಕಣ್ಣಿಗೇ ಕಾಣುತ್ತದೆ.

ಒಪ್ಪದೇ ಇದ್ದದ್ದು ನಿದ್ದೆಯ ನಿಯಮ. ಎಂಟು ಗಂಟೆ ವಿಶ್ರಾಂತಿ, ಅದರಲ್ಲಿ ಆರು ಗಂಟೆ ನಿದ್ದೆ, ಅಷ್ಟಾದರೆ ಕಸುವು ಪೂರ್ತಿ. ನಡುವಿನ ಒಂದು ಗಂಟೆ ವಿರಾಮದಲ್ಲಿ ಖರ್ಚು ಮಾಡಿ ಚೇತರಿಸಿಕೊಳ್ಳುವ ಹಿಟ್ ಡೈಸ್ ಹಳೆಯ ಪುಸ್ತಕದಲ್ಲಿ ರಾತ್ರಿಗೆ ಅರ್ಧದಷ್ಟು ಮಾತ್ರ ವಾಪಸ್ ಬರುತ್ತಿದ್ದವು. ಹೊಸದರಲ್ಲಿ ಅಷ್ಟೂ ಬರುತ್ತವೆ. ಪುಸ್ತಕ ಬರೆದವರ ಕಷ್ಟ ನನಗೆ ಅರ್ಥವಾಗುತ್ತದೆ. ಮೂರು ಗಂಟೆ ಆಡಲು ಬಂದವನನ್ನು ಹಾಸಿಗೆಯ ಮೇಲೆ ಮಲಗಿಸಿದರೆ ಅವನು ಮುಂದಿನ ವಾರ ಬರುವುದಿಲ್ಲ. ಕಸುವಿನ ಮಟ್ಟಿಗೆ ನಾನೂ ಒಪ್ಪುತ್ತೇನೆ, ಉಂಡು ಮಲಗಿದರೆ ಕಸುವು ಬರಬೇಕಾದದ್ದೇ. ಆದರೆ ಸಾವಿನ ಹೊಸ್ತಿಲು ಮುಟ್ಟಿ ಬಂದವನಿಗೂ ಸುಮ್ಮನೆ ಸುಸ್ತಾದವನಿಗೂ ಬೆಳಗಾದ ಮೇಲೆ ಏನೂ ವ್ಯತ್ಯಾಸವಿಲ್ಲ ಅನ್ನುವುದನ್ನು ನನ್ನ ಕೈಗಳು ಒಪ್ಪುವುದಿಲ್ಲ.

ಇದಕ್ಕೆ ನಾವು ಸುಮಾರು ಮದ್ದು ಹುಡುಕಿದೆವು. 2014ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ‘ಗ್ರಿಟ್ಟಿ ರಿಯಲಿಸಂ’ ಅಂತ ಒಂದು ಐಚ್ಛಿಕ ನಿಯಮವಿದೆ. ಒಂದು ಗಂಟೆಯ ಸಣ್ಣ ವಿಶ್ರಾಂತಿಗೆ ಎಂಟು ಗಂಟೆ, ರಾತ್ರಿಯ ದೊಡ್ಡ ವಿಶ್ರಾಂತಿಗೆ ಏಳು ದಿನ. ಅದನ್ನು ಹಾಕಿ ನೋಡಿದೆ. ಮಂತ್ರವಾದಿಯ ಮಂತ್ರಗಳೂ ದೊಡ್ಡ ವಿಶ್ರಾಂತಿಗೇ ಕಟ್ಟಿಹಾಕಿಕೊಂಡಿವೆ. ಮೂರು ಭಾನುವಾರ ನನ್ನ ತಮ್ಮ ರೈಲು ಹತ್ತಿ ಬಂದು, ಖಾಲಿ ಕೈಯಲ್ಲಿ ಕೂತು, ಚಕ್ಕುಲಿ ತಿಂದು ವಾಪಸ್ ಹೋದ. ಬಿಟ್ಟುಬಿಟ್ಟೆವು.

ಆಮೇಲೆ ನಾನು ಮಾಡಿದ್ದು ತಪ್ಪು, ಅದನ್ನೂ ಬರೆಯಬೇಕು. ಅದೇ ಗೈಡ್‌ನಲ್ಲಿ ಉಳಿದುಹೋಗುವ ಗಾಯಗಳ ಒಂದು ಪಟ್ಟಿಯಿದೆ. ಪಾತ್ರ ಸೊನ್ನೆಗೆ ಬಿದ್ದಾಗ ಇಪ್ಪತ್ತು ಮುಖದ ದಾಳ ಹಾಕು. ಹದಿನೇಳರಿಂದ ಮೇಲೆ ಬಂದರೆ ಸಣ್ಣ ಗಾಯದ ಕಲೆ. ಎಂಟರಿಂದ ಹತ್ತು ಬಂದರೆ ಪಕ್ಕೆಲುಬು ಮುರಿತ. ಒಂದು ಬಂದರೆ ಕಣ್ಣು, ಎರಡು ಬಂದರೆ ಕೈ, ಮೂರು ಬಂದರೆ ಕಾಲು ಹೋಯಿತು. ಓದುವಾಗ ಸರಿಯಾಗಿಯೇ ಇದೆ ಅನ್ನಿಸಿತ್ತು. ಎರಡನೇ ವಾರ ಅಕ್ಕನ ಮಗಳ ಕಳ್ಳಿ ಬಿದ್ದಳು. ದಾಳದಲ್ಲಿ ಎರಡು.

ಆ ಪಾತ್ರದ ಚಿತ್ರವನ್ನು ಅವಳೇ ಬರೆದಿದ್ದಳು. ಎರಡು ಕೈಯಲ್ಲಿ ಎರಡು ಬಾಕು, ಸೊಂಟದಲ್ಲಿ ಬೀಗ ತೆರೆಯುವ ಕಡ್ಡಿಗಳ ಚೀಲ. ದಾಳ ನೋಡಿದಳು, ಚಿತ್ರ ನೋಡಿದಳು, ಪೆನ್ಸಿಲನ್ನು ಚಾಪೆಯ ಮೇಲೆ ನಿಧಾನಕ್ಕೆ ಇಟ್ಟಳು. ಅಳಲಿಲ್ಲ, ಏನೂ ಹೇಳಲಿಲ್ಲ. ಹೋದ ಕೈಯನ್ನು ವಾಪಸ್ ತರುವ ‘ರೀಜೆನರೇಟ್’ ಏಳನೇ ಮಟ್ಟದ ಮಂತ್ರ. ಪೂಜಾರಿಗೆ ಅದು ಸಿಗುವುದು ಹದಿಮೂರನೇ ಲೆವೆಲ್ಲಿಗೆ. ನಾವಿದ್ದದ್ದು ಮೂರರಲ್ಲಿ. ಅಂದಿನ ಆಟ ಅಲ್ಲಿಗೇ ನಿಂತಿತು.

ಕೈ ಕಳೆದುಕೊಂಡವರ ಜೊತೆ ನಾನು ಕೆಲಸ ಮಾಡಿದ್ದೇನೆ. ಅದು ಒಂದು ದಾಳದ ಮಾತಲ್ಲ. ಅಂಗಿಯ ಗುಂಡಿ ಹಾಕುವುದರಿಂದ ಹಿಡಿದು ಎಲ್ಲವನ್ನೂ ತಿಂಗಳುಗಟ್ಟಲೆ ಹೊಸದಾಗಿ ಕಲಿಯುವ ಬದುಕು ಅದು. ಆ ಬದುಕನ್ನು ಆಡಿ ನೋಡಬೇಕು ಅಂತ ಯಾರಾದರೂ ತಾವಾಗಿ ಬಯಸಿದರೆ ನಾನು ಸಂತೋಷದಿಂದ ಆಡಿಸುತ್ತೇನೆ, ಗೊತ್ತಿರುವುದನ್ನೆಲ್ಲ ಹೇಳಿಕೊಡುತ್ತೇನೆ. ಹದಿನಾರರ ಹುಡುಗಿಯ ಮೇಲೆ ದಾಳದ ನೆಪದಲ್ಲಿ ಹೇರುವುದಿಲ್ಲ. ಮುಂದಿನ ಭಾನುವಾರ ಎಲ್ಲರ ಮುಂದೆ ಅವಳ ಕ್ಷಮೆ ಕೇಳಿ ಆ ದಾಳವನ್ನು ಹಿಂತೆಗೆದುಕೊಂಡೆ. ಕೈ ಉಳಿಯಿತು, ಅಂಗೈ ಮೇಲೆ ಉದ್ದನೆಯ ಗಾಯದ ಗೆರೆ ಬಂತು. ಚಿತ್ರದಲ್ಲಿ ಆ ಗೆರೆಯನ್ನು ಅವಳೇ ಬರೆದಳು. ಅಂಗ ಹೋಗುವುದೇನಿದ್ದರೂ ಆಡುವವರು ಒಪ್ಪಿದರೆ ಮಾತ್ರ ಅನ್ನುವುದು ಅಂದಿನಿಂದ ನಮ್ಮ ಮನೆಯ ನಿಯಮ.

ಈಗ ನಾವು ಆಡುತ್ತಿರುವ ರೀತಿ ಹೀಗಿದೆ. ಸೊನ್ನೆಗೆ ಬಿದ್ದವನ ಮುಂದೆ ಒಂದು ಗುಲಗಂಜಿ. ಒಂದು ಗುಲಗಂಜಿಗೆ ಇಪ್ಪತ್ತು ಮುಖದ ದಾಳದಲ್ಲಿ ಎರಡು ಕಳೆಯಬೇಕು, ನಡಿಗೆಯಲ್ಲಿ ಐದು ಅಡಿ ಕಡಿಮೆ. ಇದು ಹೊಸ ಪುಸ್ತಕ ದಣಿವಿಗೆ, ಅಂದರೆ ಎಕ್ಸಾಸ್ಷನ್‌ಗೆ ಹೇಳಿರುವ ಲೆಕ್ಕವೇ. ಹಳೆಯ ಆರು ಮಟ್ಟದ ಗೊಂದಲದ ಪಟ್ಟಿಗಿಂತ ಇದು ನೂರು ಪಾಲು ಉತ್ತಮ, ಅದಕ್ಕೇ ಎತ್ತಿಕೊಂಡೆವು. ಗುಲಗಂಜಿ ಹೋಗಬೇಕಾದರೆ ಕಾಡಿನಲ್ಲಿ ಕಂಬಳಿ ಹೊದ್ದು ಮಲಗಿದರೆ ಸಾಲದು. ತಲೆ ಮೇಲೆ ಸೂರು, ಬಿಸಿ ಊಟ, ನೋಡಿಕೊಳ್ಳಲು ಒಬ್ಬರು, ಈ ಮೂರೂ ಇರುವ ಕಡೆ ಒಂದು ಇಡೀ ದಿನ ಕಳೆದರೆ ಒಂದು ಗುಲಗಂಜಿ ಹೋಗುತ್ತದೆ. ಬಯಲಲ್ಲಿ ಮಲಗಿದರೆ ಕಳೆದುಕೊಂಡ ಕಸುವಿನಲ್ಲಿ ಅರ್ಧ ಮಾತ್ರ ವಾಪಸ್. ಮಂತ್ರಗಳಿಗೆ ಇದಾವುದೂ ಅನ್ವಯಿಸುವುದಿಲ್ಲ, ಅವು ಪುಸ್ತಕದಲ್ಲಿರುವಂತೆಯೇ ಬರುತ್ತವೆ.

ತಮ್ಮ ಇದಕ್ಕೆ ಒಂದು ತಕರಾರು ತೆಗೆದ, ಸರಿಯಾದ ತಕರಾರು. ಗಾಯ ಆದವನ ದಾಳ ಕೆಡುತ್ತದೆ, ದಾಳ ಕೆಟ್ಟವನು ಮತ್ತೆ ಬೀಳುತ್ತಾನೆ, ಬಿದ್ದವನಿಗೆ ಇನ್ನೊಂದು ಗಾಯ. ಇಳಿಜಾರಿನಲ್ಲಿ ಬಿಟ್ಟ ಗಾಡಿ ಇದ್ದ ಹಾಗೆ. ಮೊದಲ ಎರಡು ತಿಂಗಳು ನಿಜಕ್ಕೂ ಹಾಗೇ ಆಯಿತು. ಪುಸ್ತಕದ ಪ್ರಕಾರ ಆ ಕಳೆಯುವ ಲೆಕ್ಕ ಸೊನ್ನೆಗೆ ಬಿದ್ದವನು ಹಾಕುವ ಸಾವಿನ ದಾಳಕ್ಕೂ ಬೀಳುತ್ತದೆ, ಅದೇ ಗಾಡಿಯನ್ನು ಪ್ರಪಾತಕ್ಕೆ ತಳ್ಳುತ್ತಿತ್ತು. ಸಾವಿನ ದಾಳಕ್ಕೆ ವಿನಾಯಿತಿ ಕೊಟ್ಟೆವು. ಒಬ್ಬರಿಗೆ ಮೂರಕ್ಕಿಂತ ಹೆಚ್ಚು ಗುಲಗಂಜಿ ಇಲ್ಲ ಅಂತ ಮಾಡಿದೆವು. ಅಷ್ಟಕ್ಕೆ ಹದಕ್ಕೆ ಬಂತು.

ಇನ್ನು ಮೊರ. ಬಿದ್ದವನು ಸಾವಿನ ದಾಳವನ್ನು ಮೊರದ ಮರೆಯಲ್ಲಿ ಹಾಕುತ್ತಾನೆ. ಕಾಣುವುದು ಅವನಿಗೆ ಮತ್ತು ನನಗೆ ಮಾತ್ರ. ಪಕ್ಕಕ್ಕೆ ಬಂದು ಮಂಡಿಯೂರಿ ಮುಟ್ಟಿ ನೋಡಿದವರಿಗಷ್ಟೇ ಮೊರ ಎತ್ತಿ ತೋರಿಸುವುದು. ಮೊದಲು “ಇನ್ನೂ ಎರಡು ಸರದಿ ಟೈಮ್ ಇದೆ ಬಿಡು” ಅಂತ ಲೆಕ್ಕ ಹಾಕುತ್ತಿದ್ದವರು ಈಗ ಲೆಕ್ಕ ಹಾಕಲಾರರು.

ಇದು ಏನು ಮಾಡಿತು ಅಂತ ತೋರಿಸಲು ಒಂದು ದಿನದ ಆಟ ಸಾಕು. ನಮ್ಮ ಕತೆಯಲ್ಲೊಂದು ಬೆಟ್ಟವಿದೆ, ಪಾಂಡವಪುರದ ಕುಂತಿಬೆಟ್ಟವನ್ನೇ ಮನಸ್ಸಲ್ಲಿಟ್ಟುಕೊಂಡು ಮಾಡಿದ್ದು. ಬೋಳು ಬಂಡೆಗಳು, ಸಂದಿಯಲ್ಲಿ ಮುಳ್ಳುಪೊದೆ, ಮೇಲೆ ಬಿಲ್ಲು ಹಿಡಿದ ಕುಳ್ಳ ರಕ್ಕಸ ಜಾತಿಯ ಗಾಬ್ಲಿನ್‌ಗಳು. ಕೆಂಚ ಎಲ್ಲರಿಗಿಂತ ಮುಂದೆ ಹತ್ತಿ ಬಾಣ ತಿಂದು ಬಿದ್ದ. ಮೇಷ್ಟ್ರ ಮಂತ್ರ ಆಗಲೇ ಖಾಲಿ. ಮೊರದ ಹಿಂದೆ ಗೆಳೆಯ ದಾಳ ಹಾಕಿದ, ನಾಲ್ಕು. ಮುಂದಿನ ಸರದಿ, ಹನ್ನೆರಡು. ಅದರ ಮುಂದಿನದು, ಏಳು. ಎರಡು ಸೋಲು, ಒಂದು ಗೆಲುವು. ಅವನು ನನ್ನ ಮುಖ ನೋಡಿದ, ಬೇರೆ ಯಾರ ಮುಖವನ್ನೂ ನೋಡಲಿಲ್ಲ. ಅಕ್ಕನ ಮಗಳಿಗೆ ಏನೂ ಗೊತ್ತಿಲ್ಲ. ನಿಧಿಯ ಪೆಟ್ಟಿಗೆ ಅವಳ ಕೈಗೆಟಕುವಷ್ಟು ಹತ್ತಿರ ಇತ್ತು. “ನಾನು ಕೆಂಚನ ಹತ್ರ ಓಡ್ತೀನಿ” ಅಂದಳು. ಎರಡು ಬಾಣ ತಪ್ಪಿಸಿಕೊಂಡು, ಒಂದನ್ನು ತಿಂದು, ಆರು ಬೀಜ ಎಣಿಸಿ ಬಟ್ಟಲಿಗೆ ಹಾಕಿ, ಪಕ್ಕದಲ್ಲಿ ಕೂತಳು. ಮೊರ ಎತ್ತಿದೆ. ಆ ಮೂರು ದಾಳ ನೋಡಿ ಅವಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಅವಳ ಚೀಲದಲ್ಲಿ ಹೀಲರ್ಸ್ ಕಿಟ್, ಅಂದರೆ ಗಾಯಕ್ಕೆ ಕಟ್ಟುವ ಸಾಮಾನಿನ ಗಂಟು, ಇತ್ತು. ಅದಿದ್ದರೆ ದಾಳ ಬೇಕಿಲ್ಲ, ಜೀವ ನಿಲ್ಲುತ್ತದೆ. ನಿಂತಿತು. ಆದರೆ ಕಣ್ಣು ಬಿಡಲು ನಾಲ್ಕು ಮುಖದ ದಾಳ ಹೇಳಿದಷ್ಟು ಗಂಟೆ. ದಾಳ ಹೇಳಿತು, ಮೂರು.

ಎರಡು ಸೋಲು ಕಂಡು ಬದುಕಿದವನು ನನ್ನ ಸ್ವಂತ ಗಾಯದ ಪಟ್ಟಿಯಲ್ಲಿ ಆರು ಮುಖದ ದಾಳ ಹಾಕಬೇಕು. ಈ ಪಟ್ಟಿ ಕ್ಲಿನಿಕ್ಕಿನಿಂದ ಬಂದದ್ದು: ಉಳುಕಿದ ಕಣಕಾಲು, ತಪ್ಪಿದ ಭುಜ, ಮುರಿದ ಪಕ್ಕೆಲುಬು, ಇಂಥವೇ. ಒಮ್ಮೆ ತಪ್ಪಿದ ಭುಜ ಮತ್ತೆ ತಪ್ಪುವುದು ಸಾಮಾನ್ಯ, ವಯಸ್ಸಿನ ಹುಡುಗರಲ್ಲಂತೂ ಬಹಳ. ಹಾಗಾಗಿ ನಮ್ಮಲ್ಲಿ ಭುಜ ತಪ್ಪಿದವನು ಏರುವಾಗ ದಾಳದಲ್ಲಿ ಒಂದು ಬಿದ್ದರೆ ಭುಜ ಮತ್ತೆ ಜಾರುತ್ತದೆ. ಕೆಂಚನಿಗೆ ಬಂದದ್ದು ಪಕ್ಕೆಲುಬು. ಹಳೇ ಗೈಡ್ ಇದಕ್ಕೆ ಹತ್ತು ದಿನ ವಿಶ್ರಾಂತಿ ಅನ್ನುತ್ತದೆ. ನಿಜದಲ್ಲಿ ಸುಮಾರು ಆರು ವಾರ. ಪಕ್ಕೆಲುಬಿಗೆ ಪ್ಲಾಸ್ಟರ್ ಹಾಕುವುದಿಲ್ಲ. ನೋವಿಗೆ ಹೆದರಿ ಮೇಲುಸಿರಲ್ಲೇ ಇದ್ದರೆ ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ ಆಗಬಹುದು, ಅದಕ್ಕೆ ಆಳವಾಗಿ ಉಸಿರಾಡಿಸುತ್ತೇವೆ, ಕೆಮ್ಮುವಾಗ ದಿಂಬನ್ನು ಪಕ್ಕೆಗೆ ಒತ್ತಿ ಹಿಡಿಯಲು ಹೇಳಿಕೊಡುತ್ತೇವೆ.

ಕಂಬಳಿಯನ್ನು ಎರಡು ಕೋಲಿಗೆ ಕಟ್ಟಿ ಅವನನ್ನು ಹೊತ್ತು ಇಳಿಸಿದರು. ನಿಧಿ ಅಲ್ಲೇ ಉಳಿಯಿತು. ತಪ್ಪಲಿನಲ್ಲಿ ಒಂದು ಆಲೆಮನೆ ಇದೆ ಅಂತ ನಾನು ಹೇಳಿದ್ದೇ ತಡ, ಗೆಳೆಯ ನನ್ನ ಕೈಯಿಂದ ಕತೆ ತೆಗೆದುಕೊಂಡ. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲು, ನೊರೆ ತೆಗೆಯುವ ಹದ, ಒಲೆಗೆ ಹಾಕುವ ಒಣ ಸಿಪ್ಪೆ, ರಾತ್ರಿಪಾಳಿಯವರ ಮಾತು, ಎಲ್ಲವನ್ನೂ ಅವನೇ ಹೇಳಿದ. ಬೆಚ್ಚಗಿನ ಒಲೆ ಪಕ್ಕ ಕೆಂಚ ಮಲಗಿದ್ದ. ಅವನಿಗೆ ಕೆಮ್ಮು ಬಂದಾಗ ಕಳ್ಳಿ ಕಂಬಳಿ ಸುತ್ತಿ ಅವನ ಪಕ್ಕೆಗೆ ಒತ್ತಿ ಹಿಡಿಯುತ್ತಿದ್ದಳು. ಒಂದೂವರೆ ಗಂಟೆ ಯಾರೂ ಯಾರನ್ನೂ ಹೊಡೆಯಲಿಲ್ಲ. ಮೂರು ವರ್ಷದಲ್ಲಿ ಅಷ್ಟು ಒಳ್ಳೆಯ ಆಟ ನಮ್ಮ ಹಜಾರದಲ್ಲಿ ಇನ್ನೊಂದು ಆಗಿಲ್ಲ. ಗುಣಮುಖನಾಗಿ ಕೆಂಚ ಎದ್ದು ನಿಂತಾಗ ಮೇಷ್ಟ್ರು ಚಪ್ಪಾಳೆ ತಟ್ಟಿದರು.

ಪುಸ್ತಕದ ನಿಯಮ ಮುಟ್ಟಬಾರದು ಅನ್ನುವವರಿಗೆ ಒಂದು ಮಾತು. ಚೌಕಾಬಾರದಲ್ಲಿ ಎದುರಾಳಿಯ ಕಾಯಿ ಹೊಡೆಯದೆ ಒಳಮನೆಗೆ ಹೋಗಬಹುದೋ ಇಲ್ಲವೋ ಅನ್ನುವುದು ನಮ್ಮ ಸೀಮೆಯಲ್ಲಿ ಮನೆಯಿಂದ ಮನೆಗೆ ಬೇರೆ. “ನಮ್ಮನೇಲಿ ಹಿಂಗೇ ಆಡೋದು” ಅಂದರೆ ಅಲ್ಲಿಗೆ ವಾದ ಮುಗಿಯಿತು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಹಲಗೆಯಾಟಗಳನ್ನು ತಾವೇ ಹೊಸದಾಗಿ ಕಟ್ಟಿದವರು. ಆಟವನ್ನು ತಿದ್ದಿಕೊಳ್ಳುವುದು ನಮಗೆ ಹೊಸದೇನಲ್ಲ.

ಕೊಳ್ಳಬೇಕೇ? ಅಮೆರಿಕದಲ್ಲಿ ಮುದ್ರಿತ ಬೆಲೆ 49.99 ಡಾಲರ್, ನಮ್ಮ ಜೇಬಿಗೆ ಸಣ್ಣದಲ್ಲ. ಪಾತ್ರಗಳ ಬಗೆ, ಮಂತ್ರ, ಚಿತ್ರ ಎಲ್ಲ ಬೇಕೆಂದರೆ ನಾಲ್ಕು ಜನ ಸೇರಿ ಒಂದು ಪ್ರತಿ ಕೊಳ್ಳಿ, ಚಿತ್ರಗಳಿಗೇ ಅರ್ಧ ಹಣ ವಸೂಲಾಗುತ್ತದೆ. ನಾನು ಇಲ್ಲಿ ಬರೆದಿರುವ ನಿಯಮಗಳಷ್ಟೇ ಸಾಕು ಅನ್ನುವವರು ಕೊಳ್ಳಬೇಕಾಗಿಲ್ಲ. 2025ರ ಏಪ್ರಿಲ್‌ನಲ್ಲಿ ಹೊಸ ನಿಯಮಗಳ ತಿರುಳನ್ನು ಎಸ್‌ಆರ್‌ಡಿ 5.2 ಹೆಸರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಉಚಿತವಾಗಿ ಬಿಟ್ಟಿದ್ದಾರೆ. ಮೂಲವನ್ನು ಹೆಸರಿಸಿದರೆ ಅನುವಾದ ಮಾಡಲೂ ಅಡ್ಡಿಯಿಲ್ಲ.

ಏಟು, ಸಾವು, ವಿಶ್ರಾಂತಿಯ ಭಾಗವನ್ನು ನಾವು ಭಾನುವಾರ ಆಟಕ್ಕೆ ಮೊದಲು ಅರ್ಧ ಗಂಟೆ ಕೂತು ಕನ್ನಡಕ್ಕೆ ತರುತ್ತಿದ್ದೇವೆ. ಕಸುವು, ಅರೆಕಸುವು, ಸಾವಿನ ದಾಳ, ಇವಕ್ಕೆ ಯಾರ ತಕರಾರೂ ಇರಲಿಲ್ಲ. ಎಕ್ಸಾಸ್ಷನ್‌ಗೆ ಮೇಷ್ಟ್ರು ‘ಬಳಲಿಕೆ’ ಅಂದರು, ಆಲೆಮನೆ ಗೆಳೆಯ ‘ಸುಸ್ತು’ ಅಂದ. ಸದ್ಯಕ್ಕೆ ಹಾಳೆಯ ಮೇಲೆ ಸುಸ್ತು ಅಂತಲೇ ಇದೆ.